ಬೀಚ್ ಬಾಯ್ಸ್: ಆ ಐದು ಕೊರಳುಗಳ ಒಡೆಯ ಯಾರು?

ಹಳೇಕ್ಯಾಸೆಟ್
2025ರ ಜೂನ್ 11ರಂದು ಅಮೆರಿಕದ ಬೀಚ್ ಬಾಯ್ಸ್ ಹಾಡುತಂಡದ ಬ್ರಯನ್ ವಿಲ್ಸನ್ ತೀರಿಕೊಂಡಾಗ ಬಂದ ಬರಹಗಳನ್ನು ಕೂಡಿಟ್ಟಿದ್ದೆ, ಈಗ ಬಿಡುವಾಗಿ ಓದಿದೆ. ಎಲ್ಲದರಲ್ಲೂ ಒಂದೇ ಪಲ್ಲವಿ: ಬೀಚ್ ಬಾಯ್ಸ್ ಎಂದರೆ ಬ್ರಯನ್, ಉಳಿದ ನಾಲ್ವರು ಬರೀ ಪಕ್ಕವಾದ್ಯ. ನನಗೆ ಇದು ಒಪ್ಪಿಗೆಯಿಲ್ಲ. ಬರೆದವನು ಬ್ರಯನ್ ಎಂಬುದು ಸರಿ. ಆದರೆ ಆ ತಂಡವನ್ನು ಜಗತ್ತು ನೆನಪಿಟ್ಟುಕೊಂಡಿರುವುದು ಒಟ್ಟಿಗೆ ಹಾಡಿದ ಸದ್ದಿಗಾಗಿ. ಮೂವರು ಅಣ್ಣತಮ್ಮಂದಿರು (ಬ್ರಯನ್, ಡೆನ್ನಿಸ್, ಕಾರ್ಲ್), ಒಬ್ಬ ಚಿಕ್ಕಮ್ಮನ ಮಗ ಅಥವಾ ಅತ್ತೆಯ ಮಗ (ಮೈಕ್ ಲವ್‌ನ ನಂಟಸ್ತಿಕೆ ಯಾವ ಕಡೆಯದು, ಬಲ್ಲವರು ಹೇಳಿ), ಒಬ್ಬ ಶಾಲೆಯ ಗೆಳೆಯ. ಈ ಐವರಲ್ಲಿ ಯಾರನ್ನು ತೆಗೆದರೂ ಅದೇ ಸದ್ದು ಉಳಿಯುತ್ತದೆಯೇ? ಇಲ್ಲಿ ಮೇಳದಲ್ಲಿ ಹಾಡುವ ಅಭ್ಯಾಸ ಇರುವವರು ಯಾರಾದರೂ ಇದ್ದರೆ ಸ್ವಲ್ಪ ಬಿಡಿಸಿ ಹೇಳಿ.

ಎಡಗಿವಿ
ಬ್ರಯನ್. ಮುಂದಿನ ಪ್ರಶ್ನೆ?

ಬೇಸ್‌ತಂತಿ
ಮೊದಲು ನಂಟಸ್ತಿಕೆ: ಅತ್ತೆಯ ಮಗ. ಮೈಕ್‌ನ ತಾಯಿ, ವಿಲ್ಸನ್ ಹುಡುಗರ ತಂದೆ ಮರ‍್ರಿಯ ತಂಗಿ.

ಇನ್ನು ಕಥೆ. ಊರು ಲಾಸ್ ಏಂಜಲೀಸ್ ಪಕ್ಕದ ಹಾಥಾರ್ನ್. ದುಡಿಯುವ ಜನರ ಬಡಾವಣೆ, ಕಡಲು ಕೆಲವೇ ಮೈಲಿ ದೂರ. ಬ್ರಯನ್‌ಗೆ ಹದಿನಾರು ತುಂಬಿದಾಗ ಮನೆಯಲ್ಲಿ ಒಂದು ಟೇಪ್ ರೆಕಾರ್ಡರ್ ಕೊಡಿಸಿದರು. ಅವನಿಗೆ ಆಗ ಹುಚ್ಚು ಹಿಡಿಸಿದ್ದು ಫೋರ್ ಫ್ರೆಶ್‌ಮೆನ್ ಎಂಬ ಜಾಝ್ ಗಾಯಕರ ತಂಡ. ಅವರ ಧ್ವನಿಮುದ್ರಿಕೆಯನ್ನು ಒಂದೊಂದು ತುಣುಕಾಗಿ ಹಾಕಿ, ನಿಲ್ಲಿಸಿ, ನಾಲ್ಕು ದನಿಗಳಲ್ಲಿ ಯಾವುದು ಯಾವ ಸ್ವರದಲ್ಲಿದೆ ಎಂದು ಪಿಯಾನೋದ ಮೇಲೆ ಹುಡುಕುತ್ತಿದ್ದ. ಹುಡುಕಿದ್ದನ್ನು ತಾಯಿ ಆಡ್ರಿಗೆ ಒಂದು, ಕೊನೆಯ ತಮ್ಮ ಕಾರ್ಲ್‌ಗೆ ಒಂದು, ತನಗೊಂದು ಎಂದು ಹಂಚುತ್ತಿದ್ದ. ಅಮ್ಮನನ್ನೂ ಕೂರಿಸಿ ಹಾಡಿಸಿದವನು! ಆಮೇಲೆ ಮೈಕ್ ಬಂದ, ಶಾಲೆಯ ಗೆಳೆಯ ಆಲ್ ಜಾರ್ಡಿನ್ ಬಂದ. 1961ರ ಸೆಪ್ಟೆಂಬರ್ ಮೊದಲಲ್ಲಿ ಅಪ್ಪ ಅಮ್ಮ ಮೆಕ್ಸಿಕೋ ನಗರಕ್ಕೆ ಹೋಗುವಾಗ ಊಟತಿಂಡಿಗೆಂದು ಕೊಟ್ಟಿದ್ದ ದುಡ್ಡಿನಲ್ಲಿ ಹುಡುಗರು ವಾದ್ಯಗಳನ್ನು ಬಾಡಿಗೆಗೆ ತಂದರು. ಮೊದಲ ಹಾಡು ‘ಸರ್ಫಿನ್’ (ಹಲಗೆಯ ಮೇಲೆ ನಿಂತು ಅಲೆಸವಾರಿ) ಅಲ್ಲಿಂದ ಹುಟ್ಟಿತು. ಅದನ್ನು ತಂದ ಸಣ್ಣ ಕಂಪನಿ ಕ್ಯಾಂಡಿಕ್ಸ್. ತಾವು ಇಟ್ಟುಕೊಂಡಿದ್ದ ಹೆಸರು ಪೆಂಡಲ್‌ಟೋನ್ಸ್. ಮುದ್ರಿಕೆ ಕೈಗೆ ಬಂದಾಗ ಅದರ ಮೇಲೆ ಬೀಚ್ ಬಾಯ್ಸ್ ಎಂದು ಅಚ್ಚಾಗಿತ್ತು. ಯಾರೂ ಇವರನ್ನು ಕೇಳಿರಲಿಲ್ಲ. 1962ರಲ್ಲಿ ಕ್ಯಾಪಿಟಲ್ ಸಂಸ್ಥೆ ಒಪ್ಪಂದ ಮಾಡಿಕೊಂಡಿತು.

ಇದರಲ್ಲಿ ಗಮನಿಸಬೇಕಾದದ್ದು, ಬ್ರಯನ್ ಸ್ವರ ಬರೆದು ಆಮೇಲೆ ಕೊರಳು ಹುಡುಕಲಿಲ್ಲ. ಮನೆಯಲ್ಲಿ ಇದ್ದ ಕೊರಳುಗಳನ್ನು ನೋಡಿಕೊಂಡು ಸ್ವರ ಬರೆದ.

ಸಂಶಯಾತ್ಮ
ಅಲೆ, ಹಲಗೆ, ಮರಳು ಎಂದು ಹಾಡಿ ಕೋಟಿ ಗಳಿಸಿದವರಲ್ಲಿ ಒಬ್ಬನೂ ಅಲೆ ಏರಿದವನಲ್ಲ ಎಂದು ಕೇಳಿದ್ದೇನೆ. ಇನ್ನೇನು ಪ್ರಾಮಾಣಿಕತೆ ಹುಡುಕುತ್ತೀರಿ ಇವರಲ್ಲಿ?

ಕಡಲತಡಿ
ಒಬ್ಬ ಇದ್ದ: ನಡುವಿನವನು, ಡೆನ್ನಿಸ್, ಡ್ರಮ್ಸ್ ಬಾರಿಸುತ್ತಿದ್ದವನು. ಅಲೆಸವಾರಿಯ ಬಗ್ಗೆ ಹಾಡು ಬರೆಯಿರಿ ಎಂದು ಹುರಿದುಂಬಿಸಿದವನೂ ಅವನೇ. ಬ್ರಯನ್‌ಗೆ ನೀರೆಂದರೆ ಭಯ. ಡೆನ್ನಿಸ್ 1983ರ ಡಿಸೆಂಬರ್ 28ರಂದು ಮರೀನಾ ಡೆಲ್ ರೇ ಎಂಬಲ್ಲಿ ಮುಳುಗಿ ಸತ್ತ. ಶವಸಂಸ್ಕಾರವೂ ಕಡಲಿನಲ್ಲೇ ಆಯಿತು. ಆದ್ದರಿಂದ ಪ್ರಾಮಾಣಿಕತೆಯ ಲೆಕ್ಕವನ್ನು ಅವನ ಹತ್ತಿರ ಕೇಳಬೇಡಿ.

ತಂಬೂರಿ
ನಾನು ಕರ್ನಾಟಕ ಸಂಗೀತ ಕಲಿತವಳು. ನಿಜ ಹೇಳುತ್ತೇನೆ, ಕಲ್ಲು ಹೊಡೆಯಬೇಡಿ. ಐದು ಜನ ಐದು ಸ್ವರ ಹಿಡಿದು ಒಟ್ಟಿಗೆ ಹಾಡಿದರೆ ನನ್ನ ಕಿವಿಗೆ ಯಾರ ಬೆನ್ನು ಹತ್ತಬೇಕೆಂದೇ ತಿಳಿಯುವುದಿಲ್ಲ. ನಮ್ಮದು ಒಂದು ಎಳೆ: ಆ ಎಳೆಯಲ್ಲಿ ಗಮಕ, ಅದರ ನಡಿಗೆ, ಅದರ ನಿಲುಗಡೆ. ಇವರಲ್ಲಿ ಗಮಕವೇ ಇಲ್ಲ, ಸ್ವರಗಳು ಕಂಬದ ಹಾಗೆ ನಿಂತಿವೆ. ಮೇಲಾಗಿ ಆ ಮೇಲಿನ ದನಿ! ನಮ್ಮ ಮೇಷ್ಟ್ರು ಕೇಳಿದ್ದರೆ ಕಳ್ಳಶಾರೀರ ಎಂದು ತರಗತಿಯಿಂದ ಎಬ್ಬಿಸಿ ಕಳುಹಿಸುತ್ತಿದ್ದರು.

ಕಂಕನಾಡಿ ಆಲ್ಟೊ
ತಂಬೂರಿಯವರೇ, ಕಂಬದ ಹಾಗೆ ನಿಲ್ಲಲೇಬೇಕು. ಅಲ್ಲಾಡಿದರೆ ಪಕ್ಕದ ಸ್ವರದ ಜತೆ ಕೂಡಿಕೊಳ್ಳುವುದಿಲ್ಲ. ನಾನು ಮಂಗಳೂರಿನಲ್ಲಿ ಚಿಕ್ಕವಳಿದ್ದಾಗಿನಿಂದ ಚರ್ಚಿನ ಗಾನವೃಂದದಲ್ಲಿ ಆಲ್ಟೊ (ಹೆಂಗಸರ ಕೆಳದನಿ) ಹಾಡಿದವಳು. ಜನ ಕೇಳುವುದು ಸೋಪ್ರಾನೊದ, ಅಂದರೆ ಮೇಲುದನಿಯವರ, ರಾಗವನ್ನು. ನಮ್ಮ ಸಾಲನ್ನು ಬಿಡಿಯಾಗಿ ಹಾಡಿದರೆ ಮೂರೇ ಸ್ವರದಲ್ಲಿ ಸುತ್ತಾಡುವ ಬೇಜಾರಿನ ಸಾಲು ಅನ್ನಿಸುತ್ತದೆ. ಆದರೆ ನಾವು ನಿಲ್ಲಿಸಿದರೆ ಮೇಲಿನ ರಾಗದ ಮುಖವೇ ಬದಲಾಗುತ್ತದೆ. ರಾಗ ಅದೇ, ದುಃಖ ಹೋಗಿಬಿಡುತ್ತದೆ.

ಬೀಚ್ ಬಾಯ್ಸ್‌ನಲ್ಲಿ ಸಾಮಾನ್ಯವಾಗಿ ತಳದಲ್ಲಿ ಮೈಕ್ ಲವ್. ಮೂಗಿನಿಂದ ಬರುವ ಆ ದನಿ ಮುಂದೆ ನಿಂತು ಹಾಡುವಾಗ ಕೆಲವರಿಗೆ ರೇಜಿಗೆ ಹುಟ್ಟಿಸುತ್ತದೆ, ಕೆಳಗೆ ಇಳಿದರೆ ಮಾತ್ರ ಗಟ್ಟಿ ಅಡಿಪಾಯ. ನಡುವೆ ಡೆನ್ನಿಸ್, ಕಾರ್ಲ್, ಆಲ್. ಎಲ್ಲರ ಮೇಲೆ ಬ್ರಯನ್‌ನ ಫಾಲ್ಸೆಟೊ, ಸಹಜ ದನಿಗಿಂತ ಮೇಲಕ್ಕೆ ಎತ್ತುವ ತೆಳುದನಿ. ಇವರ ಬರವಣಿಗೆಯಲ್ಲಿ ಸ್ವರಗಳು ಒತ್ತೊತ್ತಾಗಿ ಇರುವ ಕಡೆಯೂ ದನಿಗಳು ಒಂದನ್ನೊಂದು ತಳ್ಳುವುದಿಲ್ಲ. ಅಣ್ಣತಮ್ಮಂದಿರು ‘ಆ’ಕಾರವನ್ನು ಒಂದೇ ಬಗೆಯಲ್ಲಿ ಬಾಯಿ ತೆರೆದು ಹೇಳುತ್ತಾರೆ, ಉಸಿರು ಒಂದೇ ಕಡೆ ಬಿಡುತ್ತಾರೆ. ಅದನ್ನು ನಮ್ಮ ಗಾನವೃಂದಗಳಲ್ಲಿ ವರ್ಷಗಟ್ಟಲೆ ತಿದ್ದಿದರೂ ಬರುವುದಿಲ್ಲ. ಒಂದೇ ಮನೆಯಲ್ಲಿ ಉಂಡು ಬೆಳೆದವರಿಗೆ ಪುಕ್ಕಟೆಯಾಗಿ ಬರುತ್ತದೆ.

ಹಳೇಕ್ಯಾಸೆಟ್
ಇದೇ, ಇದೇ ನಾನು ಕೇಳಬೇಕೆಂದಿದ್ದದ್ದು. ಒಂದು ಹಾಡನ್ನು ಹೆಸರಿಸಿ, ಅದನ್ನು ಹಾಕಿಕೊಂಡು ಕೂರುತ್ತೇವೆ.

ಕಂಕನಾಡಿ ಆಲ್ಟೊ
1966ರ ‘ಪೆಟ್ ಸೌಂಡ್ಸ್’ ಆಲ್ಬಮ್‌ನ ‘ಗಾಡ್ ಓನ್ಲಿ ನೋಸ್’, ಅದರ ಕೊನೆಯ ಭಾಗ. ಮುಖ್ಯ ದನಿ ಕಾರ್ಲ್‌ನದು, ಆಗ ಅವನಿಗೆ ಹತ್ತೊಂಬತ್ತು. ಹಾಡು ಮುಗಿಯಿತು ಎನ್ನುವಾಗ ಒಂದೇ ಸಾಲು ಸುತ್ತು ಹೊಡೆಯಲು ಶುರುವಾಗುತ್ತದೆ. ಒಂದು ದನಿ ಸಾಲನ್ನು ಎತ್ತಿಕೊಳ್ಳುತ್ತದೆ. ಅದು ಮುಗಿಯುವ ಮುಂಚೆಯೇ ಇನ್ನೊಂದು ಒಳಗೆ ಬರುತ್ತದೆ, ಮೂರನೆಯದು ಬೇರೊಂದು ಸಾಲು ಹಿಡಿದು ಇವೆರಡರ ಸಂದಿನಲ್ಲಿ ತೂರುತ್ತದೆ. ಮೂರೂ ಎಲ್ಲಿಯೂ ಒಟ್ಟಿಗೆ ನಿಲ್ಲುವುದಿಲ್ಲ. ನಿಲ್ಲದೆ ಹಾಗೆಯೇ ಸದ್ದು ಇಳಿಯುತ್ತಾ ಹೋಗುತ್ತದೆ. ಮೊದಲ ಸಲ ಮೇಲಿನ ದನಿಯನ್ನು ಮಾತ್ರ ಹಿಂಬಾಲಿಸಿ, ಎರಡನೆಯ ಸಲ ನಡುವಿನದನ್ನು. ಎರಡು ಬೇರೆ ಹಾಡು ಕೇಳಿಸುತ್ತವೆ. ತಂಬೂರಿಯವರೇ, ಯಾರ ಬೆನ್ನು ಹತ್ತಬೇಕೆಂದು ಕೇಳಿದಿರಲ್ಲ, ಹೀಗೆ ಸರದಿಯಲ್ಲಿ ಎಲ್ಲರ ಬೆನ್ನನ್ನೂ ಹತ್ತಬೇಕು.

ಎಡಗಿವಿ
ಒಳ್ಳೆಯ ಉದಾಹರಣೆ ಕೊಟ್ಟಿರಿ, ನನ್ನ ಪಕ್ಷಕ್ಕೆ. ಆ ಸುತ್ತು ಹಾಡಿದವರು ಐವರಲ್ಲ, ಇಬ್ಬರು. ಬ್ರೂಸ್ ಜಾನ್‌ಸ್ಟನ್ ನಡುವಿನ ಸಾಲು. ಮೇಲಿನದೂ ಕೆಳಗಿನದೂ ಬ್ರಯನ್. ಟೇಪಿನ ಮೇಲೆ ಟೇಪು. ಬ್ರೂಸ್ ಆ ಮನೆಯವನೂ ಅಲ್ಲ, 1965ರಲ್ಲಿ ಹೊರಗಿನಿಂದ ಬಂದು ಸೇರಿದವನು. ಎಲ್ಲಿ ಹೋಯಿತು ನಿಮ್ಮ ಒಂದೇ ಮನೆಯ ಉಸಿರು?

ಅಷ್ಟೇ ಅಲ್ಲ. 1966ರ ಜನವರಿಯಲ್ಲಿ ಉಳಿದವರೆಲ್ಲ ಜಪಾನ್‌ನಲ್ಲಿ ಕಛೇರಿ ಮಾಡುತ್ತಿದ್ದಾಗ ಬ್ರಯನ್ ಲಾಸ್ ಏಂಜಲೀಸ್‌ನಲ್ಲಿ ಕೂತು ಆ ಆಲ್ಬಮ್‌ನ ವಾದ್ಯಭಾಗ ಕಟ್ಟುತ್ತಿದ್ದ. ನುಡಿಸಿದವರು ಹಾಲ್ ಬ್ಲೇನ್, ಕ್ಯಾರೊಲ್ ಕೇ ಮೊದಲಾದ ಸ್ಟುಡಿಯೋ ವಾದಕರು. ಸಾಹಿತ್ಯಕ್ಕೆ ಟೋನಿ ಆಶರ್, ಜಾಹೀರಾತು ಬರೆಯುತ್ತಿದ್ದವನು. ತಂಡದವರು ಬಂದು ಹೇಳಿಕೊಟ್ಟಷ್ಟನ್ನು ಹಾಡಿದರು. ಅದರಲ್ಲಿನ ‘ಕ್ಯಾರೊಲೈನ್, ನೋ’ ಮೊದಲು ಹೊರಬಂದದ್ದೇ ಬ್ರಯನ್ ವಿಲ್ಸನ್ ಒಬ್ಬನ ಹೆಸರಿನಲ್ಲಿ.

ಕಂಕನಾಡಿ ಆಲ್ಟೊ
ಇಬ್ಬರು ಎಂಬುದು ನನಗೂ ಗೊತ್ತು. ಆದರೆ ಆ ಸುತ್ತಿಗೆ ಮೊದಲು ಸುಮಾರು ಎರಡು ನಿಮಿಷ ಹಾಡಿ ನಿಮ್ಮನ್ನು ಅಲ್ಲಿಗೆ ತಂದು ನಿಲ್ಲಿಸುವವನು ಕಾರ್ಲ್. ಬ್ರಯನ್ ತಾನೇ ಹಾಡಬಹುದಿತ್ತು. ತಮ್ಮನಿಗೆ ಕೊಟ್ಟ. ಯಾಕೆ ಕೊಟ್ಟ ಎಂದು ಯೋಚಿಸಿ.

ಬೇಸ್‌ತಂತಿ
ಅದೇ ಆಲ್ಬಮ್‌ನ ‘ಸ್ಲೂಪ್ ಜಾನ್ ಬಿ’ ಬಹಾಮಾಸ್‌ನ ಜನಪದ ಹಾಡು; ಇದನ್ನು ಮಾಡೋಣ ಎಂದು ಬ್ರಯನ್ ಹಿಂದೆ ಬಿದ್ದವನು ಆಲ್ ಜಾರ್ಡಿನ್, ಜಾನಪದದ ಹುಚ್ಚಿನವನು. ಆಲ್‌ನನ್ನು ಯಾರೂ ನೆನೆಯುವುದಿಲ್ಲ. ‘ಹೆಲ್ಪ್ ಮಿ, ರೋಂಡಾ’ದ ಮುಖ್ಯ ದನಿ ಅವನದು, 1965ರಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನ. ಜಗಳವಾಡದೆ ಇದ್ದವನಿಗೆ ಇತಿಹಾಸದಲ್ಲಿ ಪುಟ ಸಿಗುವುದಿಲ್ಲ.

ಚಿಕ್ಕಲಾಲ್‌ಬಾಗ್
ಎಡಗಿವಿ ಎಂಬ ಹೆಸರು ಬ್ರಯನ್‌ಗಾಗಿಯೇ ಇಟ್ಟುಕೊಂಡದ್ದೇ? ಅವನ ಬಲಗಿವಿ ಕೇಳಿಸುತ್ತಿರಲಿಲ್ಲ, ಅಪ್ಪ ಹೊಡೆದದ್ದರಿಂದ ಹಾಗಾಯಿತು ಎಂದು ಓದಿದ್ದೇನೆ.

ಎಡಗಿವಿ
ಹೌದು, ಅವನಿಗಾಗಿಯೇ. ಆದರೆ ಅಪ್ಪನ ಹೊಡೆತದಿಂದಲೇ ಎಂದು ತೀರ್ಪು ಕೊಡುವಂತಿಲ್ಲ. ಆ ಬಗ್ಗೆ ಮನೆಯವರ ಮಾತುಗಳೇ ಒಂದಕ್ಕೊಂದು ಹೊಂದುವುದಿಲ್ಲ. ಮರ‍್ರಿ ಹೊಡೆಯುತ್ತಿದ್ದ ಎಂಬುದರಲ್ಲಿ ಮಾತ್ರ ಸಂಶಯವಿಲ್ಲ, ಮಕ್ಕಳೇ ಹೇಳಿಕೊಂಡಿದ್ದಾರೆ. ಒಂದು ಕಿವಿಯ ಮನುಷ್ಯ ಆದ್ದರಿಂದ ಅವನ ಮಿಶ್ರಣಗಳೆಲ್ಲ ಮೋನೊ, ಎಡ ಬಲ ಎಂದು ಸದ್ದು ಹಂಚದವು. ‘ಪೆಟ್ ಸೌಂಡ್ಸ್’ಗೆ ಸರಿಯಾದ ಸ್ಟೀರಿಯೊ ಬಂದದ್ದು 1997ರಲ್ಲಿ.

ಬೇಸ್‌ತಂತಿ
ಕಿವಿ ಒಂದೇ ಕಾರಣವಲ್ಲ. ಆಗ ಹುಡುಗರು ಹಾಡು ಕೇಳುತ್ತಿದ್ದದ್ದು ಕಾರಿನ ರೇಡಿಯೊದ ಒಂದೇ ಸ್ಪೀಕರಿನಲ್ಲಿ. ಅವನ ಗುರು, ಹಾಡುಗಳ ನಿರ್ಮಾಪಕ ಫಿಲ್ ಸ್ಪೆಕ್ಟರ್ ಕೂಡ ಮೋನೊ ಭಕ್ತ.

ಇನ್ನೊಂದು ಕೆಲಸದ ವಿಷಯ. ಆಗಿನ ಯಂತ್ರದಲ್ಲಿ ಮೂರು ಅಥವಾ ನಾಲ್ಕು ಪಥ (ಬೇರೆಬೇರೆಯಾಗಿ ಮುದ್ರಿಸುವ ಟ್ರ್ಯಾಕ್) ಮಾತ್ರ. ಹತ್ತಾರು ವಾದ್ಯಗಳನ್ನು ಅದರಲ್ಲಿ ಹಿಡಿದು, ಎಲ್ಲವನ್ನೂ ಒಂದೇ ಪಥಕ್ಕೆ ಇಳಿಸಿ, ಅನೇಕ ಹಾಡುಗಳಲ್ಲಿ ಆ ಒಂದನ್ನು ಕೊಲಂಬಿಯಾ ಸ್ಟುಡಿಯೋದ ಎಂಟು ಪಥದ ಯಂತ್ರಕ್ಕೆ ಸಾಗಿಸುತ್ತಿದ್ದರು. ಉಳಿದ ಏಳು ಪಥವೂ ಕೊರಳಿಗೆ. ವಾದ್ಯಕ್ಕೆ ಒಂದು, ಕೊರಳಿಗೆ ಏಳು! ಆ ಮನುಷ್ಯನ ತಲೆಯಲ್ಲಿ ಯಾವುದಕ್ಕೆ ಎಷ್ಟು ಬೆಲೆ ಇತ್ತೆಂದು ಇದರಿಂದಲೇ ತಿಳಿಯುತ್ತದೆ. ಒಂದೇ ಸಾಲನ್ನು ಅದೇ ಜನ ಎರಡೆರಡು ಸಲ ಹಾಡಿ ಒಂದರ ಮೇಲೊಂದು ಇಡುತ್ತಿದ್ದರು. ಎರಡೂ ಕೂದಲೆಳೆಯಷ್ಟೂ ಜಾರಬಾರದು. ಬ್ರಯನ್‌ನ ಕಿವಿಗೆ ತಾನು ‘ನಾಯಿಕಿವಿ’ ಎಂದು ಹೆಸರಿಟ್ಟಿದ್ದಾಗಿ ಮೈಕ್ ಹೇಳಿಕೊಂಡಿದ್ದಾನೆ. ಯಾರಿಗೂ ಕೇಳಿಸದ ಅಪಸ್ವರ ಅವನಿಗೆ ಕೇಳಿಸುತ್ತಿತ್ತು, ಮತ್ತೆ ಮೊದಲಿನಿಂದ ಹಾಡಿಸುತ್ತಿದ್ದ.

ಸಂಶಯಾತ್ಮ
ಅಪ್ಪ ಹೊಡೆದ, ಮಗ ಪ್ರತಿಭಾವಂತನಾದ. ಈ ಕಥೆಯನ್ನು ಎಷ್ಟು ಸಲ ಕೇಳಬೇಕು?

ಕಡಲತಡಿ
ಪ್ರತಿಭಾವಂತನಾದ ಎಂದು ಯಾರೂ ಹೇಳಲಿಲ್ಲ. ಅಪ್ಪ ಮಾಡಿದ್ದು ಹೊಡೆತಕ್ಕಿಂತ ದೊಡ್ಡದು. 1964ರಲ್ಲಿ ಹುಡುಗರು ಅವನನ್ನು ವ್ಯವಸ್ಥಾಪಕ ಸ್ಥಾನದಿಂದ ಕಿತ್ತುಹಾಕಿದರು. ಮರುವರ್ಷ ‘ಹೆಲ್ಪ್ ಮಿ, ರೋಂಡಾ’ ಹಾಡಿಸುವಾಗ ಕುಡಿದು ಸ್ಟುಡಿಯೋಗೆ ಬಂದು ಅಡ್ಡ ಕೂತ. ನಾನೂ ಪ್ರತಿಭಾವಂತನೇ ಎಂದು ಮಗನ ಮೇಲೆ ರೇಗಾಡಿದ್ದು ಟೇಪಿನಲ್ಲೇ ಉಳಿದಿದೆ. ಅದನ್ನು ಕೇಳುವುದು ಕಷ್ಟ. ಬ್ರಯನ್ ಕೂಗುವುದಿಲ್ಲ, ಹೊರಗೆ ಹೋಗಿ ಎಂದು ಹೇಳುವ ಧೈರ್ಯಕ್ಕಾಗಿ ತಡಕಾಡುತ್ತಿರುತ್ತಾನೆ. 1969ರಲ್ಲಿ ಅದೇ ಅಪ್ಪ ಮಗನ ಹಾಡುಗಳ ಹಕ್ಕನ್ನು ಏಳು ಲಕ್ಷ ಡಾಲರಿಗೆ ಮಾರಿಬಿಟ್ಟ. ಅದರಲ್ಲಿ ಈ ಹಾಡುಗಳಲ್ಲಿ ಹೆಚ್ಚಿನವೂ ಇದ್ದವು.

ಕೊಪ್ಪದ ಕಾಫಿ
ಹಕ್ಕಿನ ಮಾತು ಬಂತಲ್ಲ, ನಾನು ವಕೀಲ, ಸುಮ್ಮನಿರಲಾರೆ. ಬ್ರಯನ್ ಆ ಮಾರಾಟದ ವಿರುದ್ಧ ದಾವೆ ಹೂಡಿ 1992ರಲ್ಲಿ ಒಂದು ಕೋಟಿ ಡಾಲರಿನ ರಾಜಿಗೆ ಬಂದ. ಕೂಡಲೇ ಮೈಕ್ ಲವ್ ಬ್ರಯನ್ ಮೇಲೆ ದಾವೆ ಹೂಡಿದ. ಸಾಹಿತ್ಯ ನಾನು ಬರೆದೆ, ಹೆಸರು ಹಾಕಲಿಲ್ಲ ಎಂಬುದು ದೂರು. 1994ರಲ್ಲಿ ಗೆದ್ದ. 35 ಹಾಡುಗಳಿಗೆ ಅವನ ಹೆಸರು ಸೇರಿತು, 50 ಲಕ್ಷ ಡಾಲರ್ ಸಿಕ್ಕಿತು. ‘ಕ್ಯಾಲಿಫೋರ್ನಿಯಾ ಗರ್ಲ್ಸ್’ ಕೂಡ ಅದರಲ್ಲಿದೆ. ಎಲ್ಲರೂ ಮೈಕ್‌ನನ್ನು ಖಳನಾಯಕ ಮಾಡಿ ಕೂರಿಸಿದ್ದಾರೆ. ನ್ಯಾಯಾಲಯದ ಪ್ರಕಾರ ಅವನು ಅನ್ಯಾಯಕ್ಕೆ ಒಳಗಾದವನು. ಅದನ್ನೂ ದಾಖಲಿಸಿ.

ಇನ್ನೊಂದು ಹಕ್ಕಿನ ತಮಾಷೆ: 1963ರ ‘ಸರ್ಫಿನ್ ಯುಎಸ್‌ಎ’ಯ ಧಾಟಿ ಚಕ್ ಬೆರಿಯ ‘ಸ್ವೀಟ್ ಲಿಟಲ್ ಸಿಕ್ಸ್‌ಟೀನ್’ನದು. ಮೊದಲು ಬ್ರಯನ್ ಹೆಸರಿತ್ತು, ಆಮೇಲೆ ಬೆರಿಯ ಹೆಸರು ಬಂತು. ಆದ್ದರಿಂದ ಒಬ್ಬನೇ ಪ್ರತಿಭಾವಂತ ಎಂಬ ವಾದ ಕಾಗದಪತ್ರದಲ್ಲೂ ನಿಲ್ಲುವುದಿಲ್ಲ.

ಎಡಗಿವಿ
ದಾವೆ ಗೆದ್ದವನು ದೊಡ್ಡ ಕಲಾವಿದ ಎಂದಾದರೆ ವಕೀಲರೆಲ್ಲ ವಾಗ್ಗೇಯಕಾರರು. ‘ಸ್ಮೈಲ್’ ನಿಂತುಹೋದದ್ದು ಯಾರಿಂದ, ಅದನ್ನು ಹೇಳಿ.

ಹಳೇಕ್ಯಾಸೆಟ್
‘ಸ್ಮೈಲ್’ ಗೊತ್ತಿಲ್ಲದವರಿಗಾಗಿ ಯಾರಾದರೂ ಎರಡು ಮಾತು ಬರೆಯಿರಿ. ಜಗಳ ಆಮೇಲೆ.

ಬೇಸ್‌ತಂತಿ
ಮೊದಲು ‘ಗುಡ್ ವೈಬ್ರೇಷನ್ಸ್’. 1966ರ ಫೆಬ್ರವರಿಯಿಂದ ಸೆಪ್ಟೆಂಬರ್‌ವರೆಗೆ ನಾಲ್ಕು ಸ್ಟುಡಿಯೋಗಳಲ್ಲಿ ತುಂಡುತುಂಡಾಗಿ ಮುದ್ರಿಸಿ, ಟೇಪು ಕತ್ತರಿಸಿ ಅಂಟಿಸಿದ ಹಾಡು. ಮೂರೂವರೆ ನಿಮಿಷಕ್ಕೆ ಅಷ್ಟು ತಿಂಗಳು. ಅದರಲ್ಲಿ ಊಳಿಡುವ ವಾದ್ಯ ಥೆರೆಮಿನ್ ಎಂದು ಎಲ್ಲರೂ ಬರೆಯುತ್ತಾರೆ. ಅಲ್ಲ, ಪಾಲ್ ಟ್ಯಾನರ್ ಎಂಬಾತ ನುಡಿಸಿದ ಎಲೆಕ್ಟ್ರೊ-ಥೆರೆಮಿನ್. ಕೈ ಗಾಳಿಯಲ್ಲಿ ಆಡಿಸುವುದಲ್ಲ, ಜಾರುವ ಹಿಡಿಯನ್ನು ಸರಿಸಿ ಸ್ವರ ಹುಡುಕುವುದು. ಹಾಡು ಅಮೆರಿಕ, ಇಂಗ್ಲೆಂಡ್ ಎರಡರಲ್ಲೂ ಮೊದಲ ಸ್ಥಾನಕ್ಕೆ ಹೋಯಿತು. ಆ ವರ್ಷದ ಕೊನೆಗೆ ಇಂಗ್ಲೆಂಡಿನ ಒಂದು ಸಂಗೀತ ವಾರಪತ್ರಿಕೆಯ ಓದುಗರು ಬೀಟಲ್ಸನ್ನು ಬಿಟ್ಟು ಇವರನ್ನು ಜಗತ್ತಿನ ಅತ್ಯುತ್ತಮ ಗಾಯನ ತಂಡ ಎಂದು ಆರಿಸಿದರು.

ಅದೇ ತುಂಡು ಜೋಡಿಸುವ ವಿಧಾನದಲ್ಲಿ ಇಡೀ ಆಲ್ಬಮ್ ಮಾಡಲು ಹೊರಟದ್ದು ‘ಸ್ಮೈಲ್’. ಸಾಹಿತ್ಯ ವ್ಯಾನ್ ಡೈಕ್ ಪಾರ್ಕ್ಸ್. ‘ಅವರ್ ಪ್ರೇಯರ್’ ಎಂಬ ತುಣುಕಿನಲ್ಲಿ ಮಾತೇ ಇಲ್ಲ, ಬರೀ ಕೊರಳುಗಳು. ಒಂದು ನಿಮಿಷದ ಆಸುಪಾಸು. ಬೆಂಕಿಯ ಬಗ್ಗೆ ಒಂದು ಸಂಗೀತಭಾಗ ಮುದ್ರಿಸುವಾಗ ಬ್ರಯನ್ ವಾದಕರ ತಲೆಗೆಲ್ಲ ಆಟಿಕೆಯ ಅಗ್ನಿಶಾಮಕ ಟೋಪಿ ಹಾಕಿಸಿದ. ಹತ್ತಿರದಲ್ಲೆಲ್ಲೋ ಬೆಂಕಿ ಬಿದ್ದ ಸುದ್ದಿ ಬಂದಾಗ ತನ್ನ ಸಂಗೀತದಿಂದಲೇ ಆಯಿತೆಂದು ಹೆದರಿ ಅದನ್ನು ಬದಿಗಿಟ್ಟ. ಅಷ್ಟು ಹೊತ್ತಿಗೆ ಮನಸ್ಸು ಕೆಟ್ಟಿತ್ತು, ಮಾದಕವಸ್ತುಗಳೂ ಸೇರಿದ್ದವು. 1967ರ ಮೇ ಹೊತ್ತಿಗೆ ಕೆಲಸ ನಿಂತಿತು. ಬದಲಿಗೆ ಸೆಪ್ಟೆಂಬರಿನಲ್ಲಿ ‘ಸ್ಮೈಲಿ ಸ್ಮೈಲ್’ ಎಂಬ ಸಪೂರ ಆಲ್ಬಮ್ ಬಂತು.

ಎಡಗಿವಿ
ಮೈಕ್ ಪಾರ್ಕ್ಸ್‌ನನ್ನು ನಿಲ್ಲಿಸಿ ‘ಸ್ಮೈಲ್’ನ ‘ಕ್ಯಾಬಿನೆಸೆನ್ಸ್’ ಹಾಡಿನ ಕಾಗೆಯ ಸಾಲಿಗೆ ಅರ್ಥವೇನೆಂದು ಕೇಳಿದ್ದನ್ನು ಬಿಟ್ಟಿರಿ. ಅದಕ್ಕೂ ಮೊದಲು ‘ಪೆಟ್ ಸೌಂಡ್ಸ್’ನಲ್ಲೂ ‘ಹ್ಯಾಂಗ್ ಆನ್ ಟು ಯುವರ್ ಈಗೊ’ ಎಂಬುದನ್ನು ಮಾದಕವಸ್ತುವಿನ ವಾಸನೆ ಇದೆಯೆಂದು ಬದಲಾಯಿಸುವಂತೆ ಮಾಡಿದವನು ಇದೇ ಮೈಕ್.

ಕೊಪ್ಪದ ಕಾಫಿ
ಕೇಳಿದರೆ ತಪ್ಪೇನು? ನಾಳೆ ವೇದಿಕೆಯ ಮೇಲೆ ಹಾಡಬೇಕಾದವನು ಅವನು. ಅರ್ಥ ಕೇಳಿದ ಪಾಪಕ್ಕೆ ಅರವತ್ತು ವರ್ಷ ಬೈಸಿಕೊಳ್ಳುತ್ತಿದ್ದಾನೆ. ಪಾರ್ಕ್ಸ್ ಕೂಡ ತನಗೆ ಗೊತ್ತಿಲ್ಲ ಎಂದನಂತೆ.

ತಂಬೂರಿ
ಕಂಕನಾಡಿಯವರು ಹೇಳಿದ ಹಾಗೆ ಒಂದೊಂದೇ ದನಿಯನ್ನು ಹಿಂಬಾಲಿಸಿ ಕೇಳಿದೆ. ನಡುವಿನ ಸಾಲು ಸಿಕ್ಕಿತು, ಕೆಳಗಿನದು ಸಿಗಲಿಲ್ಲ. ಆದರೂ ಗಮಕವಿಲ್ಲದ ಸಂಗೀತ ನನಗೆ ಉಪ್ಪಿಲ್ಲದ ಸಾರು. ನೀವು ಸಾರು ಚೆನ್ನಾಗಿದೆ ಎನ್ನುತ್ತಿದ್ದೀರಿ, ಇರಲಿ.

ಕಂಕನಾಡಿ ಆಲ್ಟೊ
ಕೆಳಗಿನ ದನಿಗೆ ಒಳ್ಳೆಯ ಇಯರ್‌ಫೋನ್ ಬೇಕು. 1997ರ ‘ಪೆಟ್ ಸೌಂಡ್ಸ್ ಸೆಷನ್ಸ್’ ಸಂಪುಟದಲ್ಲಿ ವಾದ್ಯ ತೆಗೆದುಹಾಕಿ ಕೊರಳು ಮಾತ್ರ ಉಳಿಸಿದ ಮುದ್ರಿಕೆಯಿದೆ. ಅದನ್ನು ಕೇಳಿ. ಹಾಡಿನ ಸಾಲಿನ ಮುಂಚೆ ಐದು ಜನ ಒಟ್ಟಿಗೆ ಉಸಿರು ಎಳೆದುಕೊಳ್ಳುವುದೂ ಕೇಳಿಸುತ್ತದೆ.

ಹೃಷಿಕೇಶ ರಿಟರ್ನ್
ಯಾರೂ ನಮ್ಮ ದೇಶದ ಕೊಂಡಿಯನ್ನೇ ಹೇಳಲಿಲ್ಲ! 1968ರಲ್ಲಿ ಬೀಟಲ್ಸ್ ಋಷಿಕೇಶದಲ್ಲಿ ಮಹರ್ಷಿ ಮಹೇಶ ಯೋಗಿಯ ಆಶ್ರಮದಲ್ಲಿದ್ದಾಗ ಮೈಕ್ ಲವ್ ಕೂಡ ಅಲ್ಲಿದ್ದ. ಮಾರ್ಚ್ 15ರ ತನ್ನ ಹುಟ್ಟುಹಬ್ಬವನ್ನೂ ಅಲ್ಲಿಯೇ ಆಚರಿಸಿಕೊಂಡ. ‘ಬ್ಯಾಕ್ ಇನ್ ದ ಯುಎಸ್‌ಎಸ್‌ಆರ್’ನಲ್ಲಿ ರಷ್ಯದ ಹುಡುಗಿಯರ ಬಗ್ಗೆ ಬರೆ ಎಂದು ಪಾಲ್ ಮೆಕಾರ್ಟ್ನಿಗೆ ಸೂಚಿಸಿದವನು ತಾನೇ ಎಂದು ಹೇಳುತ್ತಾನೆ. ಆ ಹಾಡಿನ ಹಿನ್ನೆಲೆಯ ಕೊರಳುಗಳು ಬೀಚ್ ಬಾಯ್ಸ್ ಅಣಕವೇ, ಕೇಳಿದರೆ ಗೊತ್ತಾಗುತ್ತದೆ.

ಮರಳಿ ಹೋಗಿ ಮೈಕ್ ಏನು ಮಾಡಿದ ಗೊತ್ತೇ? ಮೇ ತಿಂಗಳಲ್ಲಿ ಮಹರ್ಷಿಗಳನ್ನೇ ಕರೆದುಕೊಂಡು ಅಮೆರಿಕದಲ್ಲಿ ಪ್ರವಾಸ. ಮೊದಲರ್ಧ ಅಲೆಸವಾರಿಯ ಹಾಡು, ಉಳಿದರ್ಧ ಧ್ಯಾನದ ಪ್ರವಚನ. ಟಿಕೆಟ್ ಕೊಂಡ ಹುಡುಗ ಹುಡುಗಿಯರಿಗೆ ಪ್ರವಚನ ಬೇಡವಾಗಿತ್ತು. ಕೆಲವೇ ಪ್ರದರ್ಶನಗಳಾದ ಮೇಲೆ ಉಳಿದದ್ದನ್ನೆಲ್ಲ ರದ್ದು ಮಾಡಿ ಲಕ್ಷಗಟ್ಟಲೆ ಡಾಲರ್ ಕೈಬಿಟ್ಟರು.

ಸಂಶಯಾತ್ಮ
ಪ್ರವಚನ ಮೊದಲು, ಹಾಡು ಆಮೇಲೆ ಇಡಬೇಕಿತ್ತು. ನಮ್ಮೂರ ಜಾತ್ರೆಯ ಸಮಿತಿಗೂ ಗೊತ್ತಿರುವ ವಿಷಯ.

ಕಡಲತಡಿ
ಇನ್ನೊಂದು ಕೊಂಡಿ. 1967ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮಾಂಟೆರಿ ಸಂಗೀತೋತ್ಸವ. ಬೀಚ್ ಬಾಯ್ಸ್ ಶನಿವಾರದ ಮುಖ್ಯ ತಂಡವಾಗಬೇಕಿತ್ತು, ಕೊನೆಯ ಗಳಿಗೆಯಲ್ಲಿ ಹಿಂದೆ ಸರಿದರು. ಆ ಜಾಗದಲ್ಲಿ ನಿಂತು ಗಾಯಕ ಓಟಿಸ್ ರೆಡ್ಡಿಂಗ್ ಮನೆಮಾತಾದ. ಮರುದಿನ ಮಧ್ಯಾಹ್ನ ಪಂಡಿತ್ ರವಿಶಂಕರ್, ಅಲ್ಲಾರಖಾ ಇಡೀ ಮೈದಾನವನ್ನು ಹಿಡಿದು ಕೂರಿಸಿದರು. ಪಟ್ಟೆ ಅಂಗಿಯ ಬೀಚ್ ಬಾಯ್ಸ್ ಹುಡುಗರು ಹಳಬರಾದದ್ದು ಆ ವಾರಾಂತ್ಯದಲ್ಲಿ. ನನ್ನ ಮಟ್ಟಿಗೆ ‘ಸ್ಮೈಲ್’ ನಿಂತದ್ದಕ್ಕಿಂತ ದೊಡ್ಡ ಪೆಟ್ಟು ಇದು.

ಸನಿವೇಲ್ ಶೆಟ್ಟರು
ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಹಾಥಾರ್ನ್‌ಗೆ ಹೋಗಿದ್ದೆ. ವಿಲ್ಸನ್ ಮನೆ ಈಗಿಲ್ಲ, 105ನೇ ಹೆದ್ದಾರಿಗಾಗಿ ಒಡೆದುಹಾಕಿದರು. ಜಾಗದಲ್ಲಿ 2005ರಲ್ಲಿ ಇಟ್ಟಿಗೆಯ ಸ್ಮಾರಕವೊಂದನ್ನು ನಿಲ್ಲಿಸಿದ್ದಾರೆ. ಹಿಂದೆ ಗೋಡೆ, ಗೋಡೆಯಾಚೆ ಲಾರಿಗಳ ಸದ್ದು. ಫೋಟೋ ತೆಗೆಯುವಾಗ ಪಕ್ಕದ ಮನೆಯವರು ಹೊರಗೆ ಬಂದು, ಕಾರನ್ನು ನಮ್ಮ ಗೇಟಿನ ಮುಂದೆ ನಿಲ್ಲಿಸಬೇಡಿ ಎಂದರು. ದಿನವೂ ಯಾರೋ ಬರುತ್ತಾರಂತೆ. ಪಾಪ, ಅವರಿಗೂ ಸಾಕಾಗಿರಬೇಕು.

ಚಿಕ್ಕಲಾಲ್‌ಬಾಗ್
ಬೆಂಗಳೂರಿನಲ್ಲಿ ನಾವು ಕಾಲೇಜಿನಲ್ಲಿದ್ದಾಗ ಬೀಚ್ ಬಾಯ್ಸ್ ಕೇಳುತ್ತೇನೆ ಎಂದರೆ ನಗುತ್ತಿದ್ದರು. ರಾಕ್ ಎಂದರೆ ಗಿಟಾರ್ ಕಿರುಚಬೇಕು, ಹಾಡುವವನಿಗೆ ಗಂಟಲು ಹರಿಯಬೇಕು. ಕ್ಯಾಸೆಟ್ ಅಂಗಡಿಯವನು ಇವರನ್ನು ಕ್ರಿಸ್‌ಮಸ್ ಹಾಡುಗಳ ಸಾಲಿನಲ್ಲಿ ಇಟ್ಟಿದ್ದ. ಅಂದಹಾಗೆ ಇವರನ್ನು ರಾಕ್ ಎನ್ನುವುದು ಸರಿಯೇ?

ಬೇಸ್‌ತಂತಿ
ಕ್ರಿಸ್‌ಮಸ್ ಆಲ್ಬಮ್ ಮಾಡಿದ್ದಾರೆ, 1964ರಲ್ಲಿ. ಅಂಗಡಿಯವನನ್ನು ಬೈಯಬೇಡಿ. ರಾಕ್ ಹೌದೋ ಅಲ್ಲವೋ ಎಂಬ ಚರ್ಚೆಗೆ ಬೇರೆ ಎಳೆ ತೆರೆಯಿರಿ, ನಾನು ಬರುವುದಿಲ್ಲ.

ಹಳೇಕ್ಯಾಸೆಟ್
ಮೂಲ ಪ್ರಶ್ನೆಗೆ ಬರೋಣ. ಎಡಗಿವಿಯವರಿಗೆ ನೇರವಾಗಿ ಕೇಳುತ್ತೇನೆ. 1964ರ ಡಿಸೆಂಬರ್ 23ರಂದು ಹ್ಯೂಸ್ಟನ್‌ಗೆ ಹೋಗುವ ವಿಮಾನದಲ್ಲಿ ಬ್ರಯನ್ ಕುಸಿದ, ಆಮೇಲೆ ಪ್ರವಾಸವನ್ನೇ ಬಿಟ್ಟ. ಅವನ ಜಾಗದಲ್ಲಿ ಮೊದಲು ಗ್ಲೆನ್ ಕ್ಯಾಂಬೆಲ್, ಆಮೇಲೆ ಬ್ರೂಸ್. ಜನ ಟಿಕೆಟ್ ಕೊಂಡು ಬಂದರು, ಕೇಳಿದರು, ಕುಣಿದರು. 1967ರ ನಂತರ ಕಾರ್ಲ್ ತಂಡವನ್ನು ಹೊತ್ತ. 1970ರ ‘ಸನ್‌ಫ್ಲವರ್’ನಲ್ಲಿ ಎಲ್ಲರೂ ಹಾಡು ಕೊಟ್ಟರು, ಡೆನ್ನಿಸ್‌ನ ‘ಫಾರೆವರ್’ ಅದರಲ್ಲಿದೆ. 1972ರಲ್ಲಿ ದಕ್ಷಿಣ ಆಫ್ರಿಕದ ಡರ್ಬನ್‌ನಿಂದ ಬ್ಲಾಂಡಿ ಚಾಪ್ಲಿನ್, ರಿಕಿ ಫತಾರ್ ಬಂದು ಸೇರಿದರು, ‘ಸೇಲ್ ಆನ್, ಸೇಲರ್’ ಹಾಡಿದವನು ಬ್ಲಾಂಡಿ. ಬ್ರಯನ್ ಹಾಸಿಗೆ ಹಿಡಿದ ವರ್ಷಗಳಲ್ಲಿ ಇವರು ಹೊತ್ತು ತಂದಿರದಿದ್ದರೆ ನಿಮ್ಮ ಪ್ರತಿಭಾವಂತನ ಹೆಸರು ಇಂದು ಯಾರಿಗೆ ನೆನಪಿರುತ್ತಿತ್ತು?

ಎಡಗಿವಿ
2004ರಲ್ಲಿ ಬ್ರಯನ್ ‘ಸ್ಮೈಲ್’ ಅನ್ನು ಮುಗಿಸಿದ. ಒಬ್ಬ ಬೀಚ್ ಬಾಯ್ ಕೂಡ ಇರಲಿಲ್ಲ, ತನ್ನ ಹೊಸ ತಂಡ. ಕೊರಳುಗಳು ಅಚ್ಚುಕಟ್ಟು. ಲಂಡನ್‌ನಲ್ಲಿ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಉತ್ತರ ಸಿಕ್ಕಿತೇ?

ಕಂಕನಾಡಿ ಆಲ್ಟೊ
ಸಿಕ್ಕಿತು. 2011ರಲ್ಲಿ ಹಳೆಯ ಟೇಪುಗಳ ‘ಸ್ಮೈಲ್ ಸೆಷನ್ಸ್’ ಬಂತಲ್ಲ, ಎರಡನ್ನೂ ಪಕ್ಕಪಕ್ಕ ಇಟ್ಟು ‘ಅವರ್ ಪ್ರೇಯರ್’ ಕೇಳಿ. 2004ರದ್ದು ಹೆಚ್ಚು ಶುದ್ಧ. ಯಾರೂ ಎಲ್ಲಿಯೂ ಜಾರುವುದಿಲ್ಲ. 1966ರದ್ದರಲ್ಲಿ ದನಿಗಳ ಅಂಚು ಒಂದರೊಳಗೊಂದು ಕರಗಿರುತ್ತದೆ, ಎಲ್ಲಿ ಕಾರ್ಲ್ ಮುಗಿದು ಎಲ್ಲಿ ಬ್ರಯನ್ ಶುರುವಾದ ಎಂದು ನನಗೂ ಹೇಳಲಾಗುವುದಿಲ್ಲ. ನಾನು ಪ್ರತಿ ಸಲ ಹಳೆಯದಕ್ಕೇ ಹೋಗುತ್ತೇನೆ. ಸ್ವರ ಬರೆದವನು ಬ್ರಯನ್, ಅದರಲ್ಲಿ ತಕರಾರಿಲ್ಲ. ಆದರೆ ಕಾರ್ಲ್ 1998ರ ಫೆಬ್ರವರಿಯಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಿಂದ ಹೋದ ಮೇಲೆ ಆ ಸದ್ದನ್ನು ಬ್ರಯನ್‌ಗೂ ಮತ್ತೆ ಮಾಡಲಾಗಲಿಲ್ಲ, ಮೈಕ್‌ಗೂ ಆಗಲಿಲ್ಲ.

ಎಡಗಿವಿ
ಇದು ಕಿವಿಯ ಮಾತಲ್ಲ, ಮಮತೆಯ ಮಾತು.

ಕಂಕನಾಡಿ ಆಲ್ಟೊ
ಕೇಳಿ ನೋಡಿ, ಆಮೇಲೆ ಬನ್ನಿ.

ಕೊಪ್ಪದ ಕಾಫಿ
ಹಾಗಿದ್ದರೆ 1988ರ ‘ಕೊಕೊಮೊ’? ಬ್ರಯನ್ ಇಲ್ಲ, ಅಮೆರಿಕದಲ್ಲಿ ಮೊದಲ ಸ್ಥಾನ. ಅದರ ಹಿಂದಿನ ಮೊದಲ ಸ್ಥಾನ ‘ಗುಡ್ ವೈಬ್ರೇಷನ್ಸ್’ನದು, ನಡುವೆ 22 ವರ್ಷ.

ಎಡಗಿವಿ
‘ಕೊಕೊಮೊ’ವನ್ನು ಸಾಕ್ಷಿಯಾಗಿ ಕರೆತಂದ ವಕೀಲರಿಗೆ ನಮಸ್ಕಾರ. ಅದು ಹೋಟೆಲಿನ ಲಿಫ್ಟಿನಲ್ಲಿ ಹಾಕುವ ಹಾಡು.

ಕಡಲತಡಿ
‘ಕೊಕೊಮೊ’ದಲ್ಲಿ ಕಾರ್ಲ್ ಮೇಲಕ್ಕೆ ಏರುವ ಸಾಲನ್ನು ಮಾತ್ರ ಬೈಯಬೇಡಿ. ಉಳಿದದ್ದನ್ನು ನಿಮಗೆ ಬಿಟ್ಟಿದ್ದೇನೆ.

ಹೊಸಬ 2
ಇಷ್ಟೆಲ್ಲ ಓದಿದೆ. ನಾನು ಇವರ ಒಂದೂ ಹಾಡು ಕೇಳಿಲ್ಲ. ಎಲ್ಲಿಂದ ಶುರು ಮಾಡಲಿ?

ಬೇಸ್‌ತಂತಿ
‘ಡೋಂಟ್ ವರಿ ಬೇಬಿ’, 1964. ಎರಡು ನಿಮಿಷ ಚಿಲ್ಲರೆ. ಬ್ರಯನ್‌ನ ಮೇಲುದನಿ ಮತ್ತು ಕೆಳಗೆ ಉಳಿದ ನಾಲ್ವರು, ಎರಡೂ ನಿಚ್ಚಳವಾಗಿ ಕೇಳಿಸುತ್ತವೆ.

ಕಂಕನಾಡಿ ಆಲ್ಟೊ
‘ಇನ್ ಮೈ ರೂಮ್’, 1963. ಶುರುವಿನಲ್ಲಿ ಬ್ರಯನ್ ಒಬ್ಬನೇ, ಆಮೇಲೆ ತಮ್ಮಂದಿರು ಒಬ್ಬೊಬ್ಬರಾಗಿ ಬಂದು ಸೇರುತ್ತಾರೆ. ಚಿಕ್ಕಂದಿನಲ್ಲಿ ಮೂವರೂ ಒಂದೇ ಕೋಣೆಯಲ್ಲಿ ಮಲಗುತ್ತಿದ್ದರು.

ಎಡಗಿವಿ
‘ಪೆಟ್ ಸೌಂಡ್ಸ್’ ಪೂರ್ತಿ, ಮೋನೊ. ಇವರಿಬ್ಬರ ಮಾತು ಕೇಳಬೇಡಿ.

ಸಂಶಯಾತ್ಮ
‘ಕೊಕೊಮೊ’ದಿಂದ ಶುರು ಮಾಡಿ, ಎಲ್ಲರಿಗೂ ಹೊಟ್ಟೆ ಉರಿಯಲಿ. ಅದರಲ್ಲಿ ಅಕಾರ್ಡಿಯನ್ ನುಡಿಸಿದವನು ಯಾರು ಗೊತ್ತೇ? ಕಾಗೆಯ ಸಾಲಿಗೆ ಮೈಕ್ ಅರ್ಥ ಕೇಳಿದ ಅದೇ ವ್ಯಾನ್ ಡೈಕ್ ಪಾರ್ಕ್ಸ್.

ಎಡಗಿವಿ
ದುಡ್ಡು ಕೊಟ್ಟರೆ ಯಾರು ಬೇಕಾದರೂ ನುಡಿಸುತ್ತಾರೆ.

ಕೊಪ್ಪದ ಕಾಫಿ
ಕೊಟ್ಟರಲ್ಲ. ಅದನ್ನೂ ದಾಖಲಿಸಿ.